ಇಂದುಧರನ ನೆಗಡಿ ಔಷಧಿ

ನನ್ನ ಗಂಡ ಇಂದುಧರ ಉಸಿರು ಎಳೆದುಕೊಳ್ಳುವ ಸದ್ದು ಕೇಳಿದರೆ ನಾನು ರೂಮು ಬಿಟ್ಟು ಎದ್ದುಹೋಗುತ್ತೇನೆ. ಕಟ್ಟಿಕೊಂಡ ಸಿಂಕಿನಿಂದ ನೀರು ಇಳಿಯುವ ಹಾಗೆ ಗೊರಗೊರ ಅನ್ನುತ್ತದೆ. ಹಿಂದೆಯೇ ಮಾವಿನಹಣ್ಣು, ಕಸ್ಟರ್ಡ್, ಯಾವುದೋ ಅಗ್ಗದ ಸೆಂಟು ಎಲ್ಲ ಕಲಸಿದಂಥ ವಾಸನೆ. ಥೂ! ಸ್ಯಾನ್ ಡಿಯಾಗೋದ ನಮ್ಮ ಅಪಾರ್ಟ್‌ಮೆಂಟಿನ ಕಿಟಕಿ ಗಾಜಿನ ಮೇಲೆ ಬೆರಳಾಡಿಸಿದರೆ ಜಿಡ್ಡು. ಕರಿಬೇವಿನ ಕುಂಡದ ಎಲೆಗೂ ಜಿಡ್ಡು. ಆ ಎಲೆ ಒಗ್ಗರಣೆಗೆ ಹಾಕಿದರೆ ಸಾರೂ ಕಸ್ಟರ್ಡ್ ನಾರುತ್ತದೆ ಅಂದರೆ, ಅದೆಲ್ಲ ನಿನ್ನ ಭ್ರಮೆ ಅನ್ನುತ್ತಾನೆ.

ಸಿಗರೇಟು ಬಿಟ್ಟೆ ಎಂದು ದೊಡ್ಡ ಸಾಧನೆಯ ಹಾಗೆ ಹೇಳಿಕೊಂಡು ದ್ರವ ಕಾಯಿಸಿ ಹಬೆ ಮಾಡಿ ಸೇದುವ ಈ ಎಲೆಕ್ಟ್ರಾನಿಕ್ ಸಿಗರೇಟೆಂಬ ಪೀಡೆಯನ್ನು ಮನೆಗೆ ತಂದವನು ಅವನು. ಎರಡು ಗಂಟೆ ದಾರಿಯ ಡೈಮಂಡ್ ಬಾರ್ ಎಂಬ ಊರಿನಲ್ಲಿರುವ ಅವನ ಸ್ನೇಹಿತ ನಿತಿನ್ ಈ ವಿದ್ಯೆಯಲ್ಲಿ ಗುರು. ಇಬ್ಬರೂ ಎಂಜಿನಿಯರುಗಳು, ಹಾಳಾಗುವುದಕ್ಕೂ ಅವರಿಗೊಂದು ವಿಧಾನ ಬೇಕು. ಒಂದು, ಬಾಯಿಗೆ ಎಳೆಯುವುದು: ಸಿಗರೇಟಿನ ಹಾಗೆ ಮೊದಲು ಕೆನ್ನೆಯಲ್ಲಿ ತುಂಬಿಕೊಂಡು, ಆಮೇಲೆ ಎದೆಗೆ ಇಳಿಸುವುದು. ಅದಕ್ಕೆ ಪೆನ್ನಿನಂಥ ಸಣ್ಣ ಯಂತ್ರ, ನಿಕೋಟಿನ್ ಜಾಸ್ತಿ ಇರುವ ದ್ರವ. ಇನ್ನೊಂದು, ನೇರವಾಗಿ ಎದೆಗೇ ಎಳೆಯುವುದು. ಅದಕ್ಕೆ ಇಟ್ಟಿಗೆಯಂಥ ದೊಡ್ಡ ಯಂತ್ರ, ನಿಕೋಟಿನ್ ಕಡಿಮೆ ಇರುವ ದ್ರವ, ಇಡೀ ರೂಮು ಮುಚ್ಚುವಷ್ಟು ಮೋಡ.

"ಪೆನ್ನಿಂದ ಮಾತ್ರ ನೇರವಾಗಿ ಎದೆಗೆ ಎಳೀಬಾರ್ದು ಕಣೇ, ತಲೆ ತಿರುಗಿ ಬಿದ್ದುಬಿಡ್ತೀವಿ" ಎಂದು ನಾನು ಅನ್ನ ಕಲಸುತ್ತಿರುವಾಗ ಎದುರು ಕೂತು ಪಾಠ ಹೇಳುತ್ತಿದ್ದ. ಹೇಗೆ ಎಳೆಯಬೇಕು ಎಂದು ಕೆನ್ನೆ ಉಬ್ಬಿಸಿ ತೋರಿಸುತ್ತಿದ್ದ. ತುಟಿಯ ಅಂಚಿನಲ್ಲಿ ಎಂಜಲು ಮಿನುಗುತ್ತಿತ್ತು. ಎಷ್ಟೋ ಸಲ ನಾನು ತಟ್ಟೆ ಎತ್ತಿಕೊಂಡು ಬಾಲ್ಕನಿಗೆ ಹೋಗಿ ಊಟ ಮುಗಿಸಿದ್ದೇನೆ.

ಸಿಗರೇಟಾಗಲಿ ಇದಾಗಲಿ, ಒಂದೂ ಅವನ ಅವ್ವನಿಗೆ ಗೊತ್ತಿರಲಿಲ್ಲ. ನನ್ನ ಮಾವ ಬೀಡಿ ಸೇದಿ ಸೇದಿ ಎದೆ ಕೆಡಿಸಿಕೊಂಡು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ, ಜನ್ಮದಲ್ಲಿ ಹೊಗೆ ಸೇದುವುದಿಲ್ಲ ಎಂದು ಇಂದುಧರ ಅವ್ವನ ಕಾಲು ಮುಟ್ಟಿ ಆಣೆ ಮಾಡಿದ್ದ. ಆ ಅವ್ವ, ನನ್ನ ಅತ್ತೆ ಸಾವಿತ್ರವ್ವ, 2016ರಲ್ಲಿ ಯುಗಾದಿ ಮುಗಿಸಿಕೊಂಡು ನಮ್ಮ ಮನೆಗೆ ಬಂದರು. ಅವರಿಗೆ ಉಬ್ಬಸ. ಮೆಟ್ಟಿಲು ಹತ್ತಿದರೆ ಎದೆಯಿಂದ ಸಿಳ್ಳೆ ಕೇಳಿಸುತ್ತದೆ. ಆ ಎದೆಯನ್ನು ಹುಷಾರಾಗಿ ನೋಡಿಕೊಂಡು ಊರಿಗೆ ಕಳಿಸಿದರೆ ಸಾಕು ಎಂಬುದೊಂದೇ ನನ್ನ ಚಿಂತೆಯಾಗಿತ್ತು. ಇಂದುಧರ ಅವರ ಕಣ್ಣಿಗೆ ಬೀಳದ ಹಾಗೆ ಗ್ಯಾರೇಜಿಗೆ ಹೋಗಿ ಎಳೆದು ಬರುತ್ತಿದ್ದ. ಬಿಟ್ಟೇ ಬಿಡುತ್ತಾನೇನೋ ಎಂದು ನಾನು ಆಸೆಪಟ್ಟಿದ್ದೂ ಉಂಟು.

ಒಂದು ಶನಿವಾರ ನಿತಿನ್ ಮನೆಗೆ ಊಟಕ್ಕೆ ಹೋದೆವು. ಊಟವಾದ ಮೇಲೆ ಗಂಡಸರಿಬ್ಬರೂ ಹಿತ್ತಲಿಗೆ ಹೋದರು. ಕೈ ತೊಳೆದ ಅತ್ತೆ ಗುಡ್ಡ ನೋಡುತ್ತೇನೆಂದು ಗಾಜಿನ ಬಾಗಿಲು ಸರಿಸಿದರು. ಎದುರಿಗೇ ಮಗ ಆ ಪೆನ್ನು ಹಿಡಿದು ಬಾಯಿ, ಮೂಗು ಎಲ್ಲದರಿಂದ ಮೋಡ ಬಿಡುತ್ತ ನಿಂತಿದ್ದ.

"ಏನೋ ಅದು ಇಂದ್ಯಾ? ಹೊಗಿ ಬಿಡಾಕತ್ತೀಯಲ್ಲೋ!"

ಇಂದುಧರನ ಮುಖ ಕಪ್ಪಿಟ್ಟಿತು. ಆದರೆ ನಾಲಿಗೆ ತಡವರಿಸಲಿಲ್ಲ. "ಹೊಗಿ ಅಲ್ಲಬೇ ಅವ್ವಾ, ಹಬಿ. ನೆಗಡಿಗೆ ಡಾಕ್ಟ್ರು ಕೊಟ್ಟಾರ. ಔಷಧದ ಹಬಿ, ಎದ್ಯಾಗಿನ ಕಫಾ ಕರಗತೈತಿ."

ನಿತಿನ್ ತನ್ನ ಯಂತ್ರವನ್ನು ಜೇಬಿಗೆ ಇಳಿಸಿದ. ಅತ್ತೆ ಹತ್ತಿರ ಹೋಗಿ ಮೂಸಿದರು. "ಹೌದಲ್ಲೋ, ಮಾವಿನಹಣ್ಣಿನ ಘಮಾ ಬರತೈತಿ. ಈ ದೇಶದಾಗ ಔಷಧಾನೂ ಎಷ್ಟು ಚಂದ ಮಾಡ್ತಾರ!" ಎಂದು ಮಗನ ಬೆನ್ನು ಸವರಿದರು. ಆ ಬೆನ್ನಿಗೆ ನಾಲ್ಕು ಬಾರಿಸಬೇಕು ಅನ್ನಿಸಿತು ನನಗೆ. ಅಸಹ್ಯವಾಯಿತು, ಆ ವಾಸನೆಗಲ್ಲ, ಅವನ ಬಾಯಿಂದ ಅಷ್ಟು ಸಲೀಸಾಗಿ ಬಂದ ಆ ಮಾತಿಗೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಕಾರಿನ ಏಸಿ ಗಾಳಿ ತಾಗಿ ಅತ್ತೆಗೆ ಶೀತವಾಯಿತು. ಅವರು ಮಲಗಿದ ಮೇಲೆ ನಾನು ಇಂದುಧರನನ್ನು ಹಿಡಿದು ನಿಲ್ಲಿಸಿದೆ.

"ನೀನೇ ನಿಜ ಹೇಳ್ತೀಯೋ, ನಾನು ಹೇಳ್ಲೋ?"

"ಹೊಗೆನೇ ಅಲ್ವಲ್ಲೇ ಅದು? ನಾನು ಆಣೆ ಮಾಡಿದ್ದು ಹೊಗೆಗೆ. ಸಿಗರೇಟು ಬಿಟ್ಟೆನಲ್ಲ, ಈಗ ಆಣೆ ಎಲ್ಲಿ ಮುರೀತು?"

"ನಾಚಿಕೆ ಆಗಲ್ವಾ ನಿನಗೆ? ಅವರೆದುರು ಲಾಯರ್ ಥರ ಮಾತಾಡ್ತೀಯಾ?"

"ಆಯ್ತು ಮಾರಾಯ್ತಿ, ಬೆಳಿಗ್ಗೆ ಹೇಳ್ತೀನಿ."

ಬೆಳಿಗ್ಗೆ ಎದ್ದವನು ಕಾರು ತೊಳೆಸಿಕೊಂಡು ಬರುತ್ತೇನೆಂದು ಜಾರಿಕೊಂಡ. ಹೇಗೂ ಔಷಧಿ ಎಂದಾಗಿದೆ, ಇನ್ನೇನು ಬಚ್ಚಿಡುವುದು ಎಂದುಕೊಂಡನೋ ಏನೋ, ಪೆನ್ನನ್ನು ಟೀಪಾಯಿಯ ಮೇಲೆ ರಾಜಾರೋಷವಾಗಿ ಬಿಟ್ಟುಹೋಗಿದ್ದ. ಅತ್ತೆ ಹಣೆಗೆ ವಿಭೂತಿ ಹಚ್ಚಿಕೊಂಡು, ಮೂಗು ಒರೆಸಿಕೊಳ್ಳುತ್ತ ಸೋಫಾದಲ್ಲಿ ಕೂತಿದ್ದರು.

"ನೀಲಗಿರಿ ಎಣ್ಣೆ ಹಾಕಿ ನೀರು ಕಾಯಿಸ್ತೀನಿ ಅತ್ತೆ, ಹಬೆ ತಗೊಳ್ಳಿ" ಎಂದೆ.

"ನೀ ಯಾಕ ತ್ರಾಸ ತಗೋತೀ ಬಿಡ" ಎಂದರು. ಉಪಚಾರದ ಮಾತೆಂದುಕೊಂಡು ನಾನು ಅಡುಗೆಮನೆಗೆ ಹೋದೆ.

ಬಿಸಿನೀರಿನ ಪಾತ್ರೆ ಹಿಡಿದು ಬಂದರೆ ಅತ್ತೆ ತಲೆತುಂಬ ರಗ್ಗು ಹೊದ್ದು ಬಗ್ಗಿ ಕೂತಿದ್ದಾರೆ. ರಗ್ಗಿನ ಒಳಗಿಂದ ಗೊರಗೊರ. ಒಂದು ಕ್ಷಣ ನನಗೆ ಏನೂ ತಿಳಿಯಲಿಲ್ಲ. ಆಮೇಲೆ ಮಾವಿನಹಣ್ಣಿನ ವಾಸನೆ ಬಡಿಯಿತು. ಪಾತ್ರೆಯನ್ನು ಅಲ್ಲೇ ಕುಕ್ಕಿ ರಗ್ಗು ಕಿತ್ತೆ. ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹಬೆ ಎಳೆದುಕೊಳ್ಳುವ ಹಾಗೆ ಎದೆ ತುಂಬ, ಹೊಟ್ಟೆಯವರೆಗೂ ಎಳೆಯುತ್ತಿದ್ದರು. ಕೆನ್ನೆಯಲ್ಲಿ ಹಿಡಿಯಬೇಕು ಎಂದು ಆ ಹೆಂಗಸಿಗೆ ಯಾರು ಹೇಳಿದ್ದರು? ಹಬೆಯನ್ನು ಯಾರಾದರೂ ಕೆನ್ನೆಯಲ್ಲಿ ಹಿಡಿಯುತ್ತಾರೆಯೇ?

"ಜರಾ ಖಾರ ಐತಿ, ಆದ್ರ..." ಎಂದವರು ಮಾತು ಮುಗಿಸಲಿಲ್ಲ. ಕೆಮ್ಮು ಶುರುವಾಯಿತು. ಮುಖವೆಲ್ಲ ಬೆವರಿ ಬೆಳ್ಳಗಾಯಿತು. ನನ್ನ ಕೈ ಮೇಲೆಯೇ ವಾಂತಿ ಮಾಡಿಕೊಂಡರು, ಮತ್ತೆ ಮಾಡಿಕೊಂಡರು, ಅದೂ ಮಾವಿನಹಣ್ಣೇ ನಾರುತ್ತಿತ್ತು. ಎದೆಯ ಸಿಳ್ಳೆ ಪಕ್ಕದ ರೂಮಿಗೂ ಕೇಳಿಸುವಷ್ಟು ಜೋರಾಯಿತು. ನಾನು 911ಕ್ಕೆ ಫೋನ್ ಮಾಡಿದೆ. ಆಂಬುಲೆನ್ಸ್ ಬರುವವರೆಗೆ ಅವರ ಬೆನ್ನು ಉಜ್ಜುತ್ತ, ಗಂಡನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತ ಕೂತೆ. ಹೊರಡುವಾಗ ಆ ಪೆನ್ನನ್ನೂ ದ್ರವದ ಬಾಟಲಿಯನ್ನೂ ಬ್ಯಾಗಿಗೆ ಹಾಕಿಕೊಂಡೆ.

ನನ್ನ ಫೋನು ಸಿಕ್ಕ ಇಂದುಧರ ನೇರ ಆಸ್ಪತ್ರೆಗೇ ಬಂದ. ಡಾಕ್ಟರ್ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ, ಅತ್ತೆ ಏನು ಎಳೆದುಕೊಂಡರು ಎಂದು ಕೇಳಿದಳು. ಇವನು ಇಂಗ್ಲಿಷಿನಲ್ಲಿ, ಏನೋ ಗಿಡಮೂಲಿಕೆಯ ಹಬೆ ಎಂದು ತೊದಲಿದ. ಅಲ್ಲೂ ಅದೇ ಸುಳ್ಳು! ನಾನು ಬ್ಯಾಗಿನಿಂದ ಪೆನ್ನನ್ನೂ ಬಾಟಲಿಯನ್ನೂ ತೆಗೆದು ಅವಳ ಕೈಗಿಟ್ಟೆ. ಅವಳು ಬಾಟಲಿಯ ಮೇಲಿನ ನಿಕೋಟಿನ್ ಪ್ರಮಾಣದ ಅಂಕಿ ಓದಿ, ಎಷ್ಟು ಆಳಕ್ಕೆ ಎಳೆದರು ಎಂದು ಕೇಳಿದಳು. ಊಟದ ತಟ್ಟೆ ಮುಂದೆ ಅಷ್ಟೆಲ್ಲ ಪಾಠ ಹೇಳಿದ್ದ ಪಂಡಿತ ನನ್ನ ಕಡೆ ತಿರುಗಿದ, ಎದೆ ತುಂಬ ಎಂದು ನಾನೇ ಹೇಳಿದೆ.

"ಏನಂತಾಳೋ ಡಾಕ್ಟ್ರು?" ಹಾಸಿಗೆಯಿಂದ ಅತ್ತೆ ಕೇಳಿದರು. "ಆ ಔಷಧ ನನಗ ಆಗಿಬರಲಿಲ್ಲಂತೇನು?"

"ಹೇಳು" ಎಂದೆ ನಾನು.

ಅವನು ಹೇಳಿದ. ಅದು ಔಷಧಿಯಲ್ಲ, ಸಿಗರೇಟಿನ ಬದಲು ಸೇದುವುದು, ಅದರಲ್ಲೂ ನಿಕೋಟಿನ್ ಇರುತ್ತದೆ ಎಂದು, ಹಾಸಿಗೆಯ ಕಂಬಿ ಹಿಡಿದುಕೊಂಡು, ಅವ್ವನ ಮುಖ ನೋಡದೆ ಹೇಳಿದ. ಅತ್ತೆ ಬೈಯಲಿಲ್ಲ, ಕಂಬಿಯ ಮೇಲಿದ್ದ ಅವನ ಕೈ ನೋಡಿದರು. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತೇನೋ.

"ನಿಮ್ಮಪ್ಪನೂ ಸೇದ್ತಿದ್ದ" ಎಂದರು, ಉಸಿರು ಎಳೆದೆಳೆದು. "ಖರೆ, ಬೀಡಿ ಅಂತ ಹೇಳೇ ಸೇದ್ತಿದ್ದ."

ಅಷ್ಟರಲ್ಲಿ ನರ್ಸ್ ಉಬ್ಬಸಕ್ಕೆ ನೆಬ್ಯುಲೈಜರ್ ತಂದಳು. ಮುಖಕ್ಕೆ ಹಾಕುವ ಪ್ಲಾಸ್ಟಿಕ್ ಮಾಸ್ಕು, ಅದರಿಂದ ಬೆಳ್ಳಗೆ ಹಬೆ ಏಳುತ್ತಿತ್ತು. ಇಂದುಧರ ಅದನ್ನು ತಾನೇ ತೆಗೆದುಕೊಂಡು ಅವ್ವನ ಮೂಗಿನ ಹತ್ತಿರ ಒಯ್ದ.

"ಎಳಕೋ ಅವ್ವಾ. ಔಷಧದ ಹಬಿ. ಎದ್ಯಾಗಿನ ಕಫಾ ಕರಗತೈತಿ."

ಸಾವಿತ್ರವ್ವ ಅವನ ಕೈಯನ್ನು ಪಕ್ಕಕ್ಕೆ ಸರಿಸಿದರು. ಎದೆ ಸಿಳ್ಳೆ ಹಾಕುತ್ತಿದ್ದರೂ ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಕುತ್ತಿಗೆ ಹೊರಳಿಸಿ ನನ್ನನ್ನು ಹುಡುಕಿದರು.

"ದೀಪ್ತಿ, ನೀ ಹೇಳವಾ" ಎಂದರು. "ಇದು ಖರೇನ ಔಷಧ ಹೌದೇನು?"