ಕೊಳೆ ಕೋಟಿನ ಡಾಕ್ಟರು

ಊರಿನ ಡಾಕ್ಟರುಗಳ ಬಿಳಿ ಕೋಟು ಒಗೆಯುವುದು ನಮ್ಮ ಮನೆಯ ಕಸುಬು. ಒಗೆಯುವವಳು ನಾನು, ಇಸ್ತ್ರಿ ಮಾಡುವವನು ನನ್ನ ಗಂಡ, ಕೂತಲ್ಲಿಂದಲೇ ಹುಕುಂ ಚಲಾಯಿಸುವವರು ಅತ್ತೆ. ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಈ ಎಂಟು ವರ್ಷದಲ್ಲಿ ನಾನು ಮಲಗದ ಆಸ್ಪತ್ರೆ ಮಂಚವಿಲ್ಲ, ಚುಚ್ಚಿಸಿಕೊಳ್ಳದ ಸೂಜಿಯಿಲ್ಲ. ಕೊನೆಗೆ ನಾಲ್ಕನೆಯ ಡಾಕ್ಟರಮ್ಮ ನನ್ನ ಫೈಲು ಮುಚ್ಚಿ, "ನಿನಗೇನೂ ತೊಂದರೆ ಇಲ್ಲಮ್ಮ. ಗಂಡನ್ನ ಯೂರಾಲಜಿಸ್ಟ್ ಹತ್ರ ಕಳಿಸು. ಅವರ ಟೆಸ್ಟ್ ಆಗದೆ ಇಲ್ಲಿಗೆ ಬರಬೇಡ" ಅಂದುಬಿಟ್ಟರು.

ಗಂಡ ಮೂರು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದ. ನಾಲ್ಕನೆಯ ದಿನ ಇಸ್ತ್ರಿ ಮೇಜಿನ ಮೇಲೆ ಎರಡು ಕೋಟು ಹರಡಿ ನನ್ನನ್ನು ಕರೆದ. ನಮ್ಮಲ್ಲಿ ಬಟ್ಟೆ ಒಗೆಯಲು ಹಾಕುವ ಯೂರಾಲಜಿಸ್ಟುಗಳು ಇಬ್ಬರೇ. ಒಬ್ಬರ ಕೋಟು ಬರುವಾಗಲೇ ಒಗೆದು ತಂದ ಹಾಗಿರುತ್ತದೆ, ಕಾಲರಿಗೆ ಸೆಂಟಿನ ವಾಸನೆ. ಇನ್ನೊಬ್ಬರದ್ದರ ತೋಳಿನ ತುದಿಗೆಲ್ಲ ಔಷಧಿಯ ಹಳದಿ ಕಲೆ, ಚೀಟಿ ತುಂಬಿ ತುಂಬಿ ಜೇಬು ಜೋತುಬಿದ್ದಿರುತ್ತದೆ. ಆ ಕಲೆ ತೆಗೆಯುವಷ್ಟರಲ್ಲಿ ನನ್ನ ಉಗುರು ಸವೆಯುತ್ತದೆ.

"ಇವರ ಹತ್ರ ಹೋಗಿ," ಎಂದು ಜೋತುಬಿದ್ದ ಜೇಬನ್ನು ತೋರಿಸಿದೆ. "ಕೊಳೆ ಇದೆ ಅಂದ್ರೆ ಕೈಯಾರೆ ಮುಟ್ಟಿ ನೋಡ್ತಾರೆ ಅಂತ. ಆ ಇನ್ನೊಬ್ರು ಪೇಷೆಂಟನ್ನ ಮುಟ್ಟೋದೇ ಇಲ್ಲ. ಒಗೆಯೋಳು ನಾನು, ನಂಗೊತ್ತಿಲ್ವಾ?"

"ತನ್ನ ಕೋಟನ್ನೇ ನೋಡ್ಕೊಳ್ಳೋಕಾಗದವನು ನನ್ನನ್ನೇನು ನೋಡ್ತಾನೆ?" ಎಂದು ಗಂಡ ನಕ್ಕ. ಅತ್ತೆಯೂ ನಕ್ಕರು.

ಸೆಂಟಿನ ಕೋಟಿನವರ ಹತ್ತಿರವೇ ಹೋದ. ಗಂಟೆಯೊಳಗೆ ಎದೆ ಸೆಟೆಸಿಕೊಂಡು ವಾಪಸ್ ಬಂದ.

"ನಂಗೇನೂ ಇಲ್ವಂತೆ. ಹೆಂಡ್ತೀನ ತೋರ್ಸು ಅಂದ್ರು."

"ಟೆಸ್ಟ್ ಮಾಡಿದ್ರಾ?"

"ಆಳು ನೋಡಿದ್ರೇ ಗೊತ್ತಾಗಲ್ವಾ ಅಂದ್ರು."

ಎಂಟು ವರ್ಷ ನನ್ನನ್ನು ಜಾಲಾಡಿದ ವೈದ್ಯಶಾಸ್ತ್ರ ಅವನ ವಿಷಯದಲ್ಲಿ ಐದು ನಿಮಿಷಕ್ಕೆ ಮುಗಿದುಹೋಗಿತ್ತು. ಅತ್ತೆ ಅವತ್ತೇ ಹೆಣ್ಣು ಹುಡುಕಲು ಹೇಳಿಕಳಿಸಿದರು. "ನೀನೇನೂ ಹೆದರ್ಬೇಡ, ನಿನ್ನ ಹೊರಗೆ ಹಾಕಲ್ಲ. ಒಗೆಯೋಕೆ ಕೈ ಬೇಕಲ್ಲ," ಎಂದು ನನಗೆ ಸಮಾಧಾನವನ್ನೂ ಹೇಳಿದರು. ಬಕೆಟ್ಟಿನ ಬಿಸಿನೀರನ್ನು ಅವರ ತಲೆ ಮೇಲೆ ಸುರಿಯಬೇಕೆನಿಸಿತು. ಸುರಿಯಲಿಲ್ಲ.

ನೆನೆಹಾಕುವ ಮುಂಚೆ ಜೇಬು ಖಾಲಿ ಮಾಡುವುದು ನಮ್ಮಲ್ಲಿ ಕಟ್ಟುನಿಟ್ಟು. ಸಿಕ್ಕಿದ್ದನ್ನು ನಾನು ಓದಿ ಹೇಳಬೇಕು, ಓದು ಬಾರದ ಅತ್ತೆ ಅದನ್ನು ಆಯಾ ಡಾಕ್ಟರ ಲಕೋಟೆಗೆ ಹಾಕಬೇಕು. ಇಷ್ಟು ವರ್ಷದಲ್ಲಿ ಒಂದು ಚೀಟಿಯೂ ನೀರು ಪಾಲಾಗಿಲ್ಲ ಎಂಬುದು ಅತ್ತೆಯ ಹೆಮ್ಮೆ. ಮುಂದಿನ ವಾರ ಕೊಳೆ ಕೋಟಿನ ಜೇಬಿನಿಂದ ಪೆನ್ನು, ಬಸ್ ಟಿಕೆಟ್ಟು, ಆಮೇಲೆ ನಾಲ್ಕಾಗಿ ಮಡಚಿದ ಒಂದು ಕಾಗದ ಬಂತು. ಬಿಡಿಸಿದರೆ ನನ್ನ ಗಂಡನ ಹೆಸರು.

ಟೆಸ್ಟ್ ಆದ ತಾರೀಖು, ಅವನು ಮುಖ ಗಂಟಿಕ್ಕಿಕೊಂಡಿದ್ದ ಎರಡನೆಯ ದಿನದ್ದು. ಅಂದರೆ ಕೋಟು ಹರಡುವ ಮುಂಚೆಯೇ ಅವನು ಕದ್ದು ಇವರ ಹತ್ತಿರ ಹೋಗಿಬಂದಿದ್ದ. ಈ ಜೇಬು ಒಂದು ದಿನ ನನ್ನ ಕೈಗೆ ಬರುತ್ತದೆಂಬುದೊಂದನ್ನು ಮರೆತಿದ್ದ.

ನಾನು ಗಟ್ಟಿಯಾಗಿಯೇ ಓದಿದೆ. "ವೀರ್ಯಾಣು ತೀರಾ ಕಡಿಮೆ. ರಕ್ತನಾಳ ಊದಿಕೊಂಡಿದೆ. ಸಣ್ಣ ಆಪರೇಷನ್ ಮಾಡಿದರೆ ಸರಿಹೋಗಬಹುದು. ಮತ್ತೆ ಬಂದಿಲ್ಲ, ಫೋನ್ ಮಾಡಬೇಕು."

"ಪಾಪ, ಯಾರದ್ದು?" ಎಂದರು ಅತ್ತೆ.

"ನಿಮ್ಮ ಮಗಂದು."

ಇಸ್ತ್ರಿಯ ಸದ್ದು ನಿಂತಿತು. ಅತ್ತೆ ಕೈ ನೀಡಿ ಕಾಗದ ಇಸಿದುಕೊಂಡರು. ಲಕೋಟೆಗೆ ಹಾಕಲಿಲ್ಲ. ಬಟ್ಟೆ ನೆನೆಹಾಕುವ ಸೋಡಾ ನೀರಿನ ಡ್ರಮ್ಮಿಗೆ ಹಾಕಿ ಕೋಲಿನಿಂದ ತಿರುವಿದರು.

"ಇವಳು ನೋಡದೆ ನೆನೆಹಾಕಿಬಿಟ್ಟಳು ಅಂತ ಡಾಕ್ಟರಿಗೆ ಹೇಳೋಣ. ಭಾನುವಾರ ಹೆಣ್ಣಿನವರು ಬರ್ತಾರೆ, ಕಿಟಕಿ ಪರದೆ ಒಗೆದುಹಾಕು."

ನಾನು ಗಂಡನ ಮುಂದೆ ಹೋಗಿ ನಿಂತೆ. "ಸಣ್ಣ ಆಪರೇಷನ್ ರೀ. ಅದನ್ನ ಮಾಡಿಸ್ಕೊಳ್ಳೋ ಬದಲು ಇನ್ನೊಬ್ಬಳನ್ನ ತರ್ತೀರಾ?"

ಅವನು ತಲೆಯೆತ್ತಲಿಲ್ಲ. "ಆಪರೇಷನ್ ಆದ್ರೆ ಎಲ್ಲರಿಗೂ ಗೊತ್ತಾಗತ್ತೆ. ಹೊಸಬಳು ಬಂದ್ರೆ ಇನ್ನೂ ಎಂಟು ವರ್ಷ ನನ್ನನ್ನ ಯಾರೂ ಕೇಳಲ್ಲ."

ಭಾನುವಾರ ಹುಡುಗಿ ಬಂದಳು. ಇಪ್ಪತ್ತೆರಡು ಇರಬಹುದು. ಹಿರಿಯರು ಮಾತಾಡುತ್ತಿರುವಾಗ ಹಿತ್ತಿಲಿಗೆ ಬಂದು ನನ್ನ ಪಕ್ಕ ನಿಂತಳು. ಬಿರುಕುಬಿಟ್ಟ ನನ್ನ ಬೆರಳುಗಳನ್ನು ನೋಡಿದಳು.

"ಅಕ್ಕಾ, ನಿಮ್ಮನ್ನೊಂದು ಕೇಳ್ಲಾ? ಇವರು ಹೇಳೋದು ನಿಜಾನಾ? ದೋಷ ನಿಮ್ಮದೇನಾ?"

ಒಂದು ಮಾತು ಸಾಕಿತ್ತು. ಅವಳು ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿದ್ದಳು. ಅವಳು ಹೋದರೆ ನಾಳೆ ಬೆಳಗ್ಗೆ ಅತ್ತೆಯ ಬಾಯಿಗೆ ಸಿಗುವವಳು ಮತ್ತೆ ನಾನೊಬ್ಬಳೇ. ಬಂದರೆ ಇನ್ನು ಎಂಟು ವರ್ಷ ಅತ್ತೆ ಇವಳನ್ನು ಕೇಳುತ್ತಾರೆ, ಆಸ್ಪತ್ರೆಯ ಮಂಚದ ಮೇಲೆ ಇವಳು ಮಲಗುತ್ತಾಳೆ.

"ನನ್ನದೇ," ಎಂದು ಹೇಳಿ, ಒದ್ದೆ ಪರದೆಯ ಇನ್ನೊಂದು ತುದಿಯನ್ನು ಹಿಂಡಲು ಅವಳ ಕೈಗೆ ಕೊಟ್ಟೆ.