ನಡುಚೀಲದ ಕಾಳು

"ಎಲ್ಲಿ ಚುಚ್ಯಾರಂತ ಬರದಾರೇನ್ರಿ ಅದರಾಗ?" ಲಾಡ್ಲೆಸಾಬ ಕೇಳಿದ.

ಕಲಬುರಗಿಯ ಆಸ್ಪತ್ರೆಯಲ್ಲಿ ಕೂತು ಸೋಲಾಪುರದ ಹಳೆಯ ರಿಪೋರ್ಟು ಓದುತ್ತಿದ್ದ ಡಾಕ್ಟರ್ ಶೈಲಶ್ರೀ ತಲೆಯೆತ್ತಿದರು. ಇನ್ನೂ ನಲವತ್ತಾಗದ ಹೆಂಗಸು. ಜೇವರ್ಗಿಯವರೆಂದು ಹೊರಗೆ ನರ್ಸು ಹೇಳಿದ್ದಳು.

"ಗಡ್ಡಿಗೆ ಚುಚ್ಯಾರ್ರಿ. ಪ್ಯಾಂಕ್ರಿಯಾಸ್ ತಲಿ ಕಡಿ ಗಡ್ಡಿ ಅದಲ್ಲ, ಅದಕ್ಕ."

"ಅದು ಗೊತ್ತದರಿ. ಗಡ್ಡಿಗೂ ಅಂಚು, ನಡು ಅಂತ ಇರ್ತಾವಲ್ರಿ. ಅಂಚಿಗಿ ಚುಚ್ಯಾರೋ, ನಡುವಿಗೋ? ಎಷ್ಟು ಸಲ?"

ಡಾಕ್ಟರ್ ಮತ್ತೆ ಹಳದಿಯಾಗಿದ್ದ ಅವನ ಕಣ್ಣುಗಳನ್ನು ನೋಡಿದರು. "ಏನು ಕೆಲಸ ಮಾಡ್ತೀರಿ ನೀವು?"

"ಆಳಂದದಾಗ ಬಸವಂತರಾಯ ಸಾವಕಾರ್ರ ಅಡತ ಅಂಗಡ್ಯಾಗ ಅದೀನ್ರಿ. ತೊಗರಿ ಚೀಲಕ್ಕ ಪರಖಿ ಹಾಕ್ತೇನಿ."

ಪರಖಿ ಎಂದರೆ ಮೊಳಕ್ಕಿಂತ ತುಸು ಚಿಕ್ಕದಾದ ಕಬ್ಬಿಣದ ಕೊಳವೆ. ಒಂದು ತುದಿ ಚೂಪು, ಇನ್ನೊಂದು ತುದಿ ಹಿಡಿಕೆ, ನಡುವೆ ಹೊಟ್ಟೆ ಸೀಳಿದಂತೆ ತೆರೆದಿರುತ್ತದೆ. ಚೀಲದ ಪಕ್ಕೆಗೆ ಚುಚ್ಚಿ ತಿರುವಿದರೆ ಒಂದು ಹಿಡಿ ಕಾಳು ಅಂಗೈಗೆ ಸುರಿಯುತ್ತದೆ. ಆ ಒಂದು ಹಿಡಿಯ ಮೇಲೆ ನೂರು ಚೀಲದ ಧಾರಣೆ ನಿಲ್ಲುತ್ತದೆ. ಹೊರಗೆಳೆದ ಮೇಲೆ ಅದೇ ಚೂಪಿನಿಂದ ಗೋಣಿಯ ಎಳೆಗಳನ್ನು ಎರಡು ಸಲ ಕೆರೆದರೆ ತೂತು ಮುಚ್ಚಿಕೊಳ್ಳುತ್ತದೆ, ಒಂದು ಕಾಳೂ ಉದುರುವುದಿಲ್ಲ. ಲಾಡ್ಲೆಸಾಬ ಮೂವತ್ತೊಂದು ವರ್ಷದಿಂದ ಮಾಡುತ್ತ ಬಂದದ್ದು ಇದನ್ನೇ.

"ಹಂಗಾದ್ರ ನಿಮಗ ಹೇಳೋದು ಸಲೀಸು," ಎಂದು ಡಾಕ್ಟರ್ ಡ್ರಾಯರಿನಿಂದ ಎರಡು ಸೂಜಿ ತೆಗೆದು ಮೇಜಿನ ಮೇಲಿಟ್ಟರು. ಸೂಜಿ ಎನ್ನುವುದಕ್ಕಿಂತ ಸೈಕಲ್ಲಿನ ಬ್ರೇಕ್ ತಂತಿಯಂತೆ ಉದ್ದಕ್ಕಿದ್ದವು. "ಗಂಟಲದಾಗಿಂದ ಪೈಪು ಬಿಡ್ತೇವಿ. ಅದರ ತುದಿಗೆ ಸೋನೋಗ್ರಫಿ ಇರ್ತದ. ಹೊಟ್ಟಿ ದಾಟಿ ಕರುಳಿನ ಬಾಯಿಗೆ ಹೋದ್ರ ಗೋಡಿ ಆಚೀಕ ಗಡ್ಡಿ ಕಾಣ್ತದ. ಅಲ್ಲಿಂದ ಸೂಜಿ ಹಾಕೋದು. ಇದು ಮೊದಲ ನಿಮಗ ಹಾಕಿದಂಥಾದ್ದು. ತೆಳ್ಳಗದ, ಬೇಕಾದಲ್ಲಿ ಬಾಗ್ತದ. ಆದ್ರ ಬರೋದು ಬಿಡಿ ಬಿಡಿ ಕಣ, ಹಿಟ್ಟಿದ್ದಂಗ. ಇದು ನೋಡ್ರಿ, ತುದೀಗಿ ಮೂರು ಹಲ್ಲು ಅದಾವ. ಕೊಯ್ಕೊಂಡು ಬರ್ತದ. ಶಾವಿಗಿ ಎಳಿಯಂಗ ಇಡೀ ತುಂಡು."

"ಹಿಟ್ಟು ನೋಡಿ ಯಾವ ಕಾಳು ಅಂತ ಹೇಳೋದು ಕಷ್ಟರಿ. ಕಾಳೇ ಸಿಕ್ರ ಹೇಳಬಹುದು."

"ಅದೇ. ಮತ್ತ ಅವರು ಸಿರಿಂಜಲೇ ಜಗ್ಯಾರ. ಗಟ್ಟಿ ಗಡ್ಡಿ ಇದ್ದಾಗ ಜಾಸ್ತಿ ಜಗ್ಗಿದ್ರ ಒಮ್ಮೊಮ್ಮೆ ಬರೀ ರಕ್ತ ತುಂಬ್ತದ. ನಾ ಒಳಗಿನ ತಂತಿ ಮೆಲ್ಲಕ ಹಿಂದಕ್ಕ ಎಳೀತೇನಿ, ಅಷ್ಟರಾಗೇ ಬರ್ತದ. ಒಂದೇ ತೂತಿನಾಗ ಸೂಜಿ ಮ್ಯಾಲ, ಕೆಳಗ, ಅಂಚಿಗಿ ತಿರುಗಿಸಿ ತೆಗೀತೇನಿ."

"ಚೀಲದಾಗ ಖೊಟ್ಟಿ ಮಾಲು ನಡುವ ಇರ್ತದ್ರಿ."

"ಇಲ್ಲಿ ಅಂಚಿನಾಗೂ ಇರ್ತದ."

ಪಕ್ಕದ ಕುರ್ಚಿಯಲ್ಲಿ ಹೆಂಡತಿ ನಜಮುನ್ನಿಸಾ ಸ್ಕ್ಯಾನಿನ ದೊಡ್ಡ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳಿಗೆ ಈ ಮಾತು ಹಿಡಿಸಲಿಲ್ಲ. "ಮೊದಲಿನ ಡಾಕ್ಟರ್ ಸಾಫ್ ಅದ ಅಂದಿದ್ರಲ್ರಿ ಅವ್ವಾ," ಎಂದಳು. "ತಪ್ಪು ಹೇಳ್ಯಾರೇನು ಅವರು?"

"ಅವರೇನೂ ತಪ್ಪು ಮಾಡಿಲ್ಲ. ತೆಳು ಸೂಜಿಲೇ ಭಾಳ ಮಂದಿಗಿ ಗೊತ್ತಾಗ್ತದ. ಇವರಿಗಿ ಆಗಿಲ್ಲ. ಆಗಿಲ್ಲಂತ ಬರದೂ ಬರದಾರ." ಡಾಕ್ಟರ್ ಕಾಗದವನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟರು. "ಎರಡು ಸಾಲು ಅದಾವ ನೋಡ್ರಿ. ಮೊದಲನೇದು, ಕ್ಯಾನ್ಸರಿನ ಕಣ ಕಂಡಿಲ್ಲ. ಎರಡನೇದು, ತೆಗೆದ ಮಾಲು ಸಾಲೋದಿಲ್ಲ, ಮತ್ತ ತೆಗೀಬೇಕು. ಕೆಳಗ ಪೆನ್ನಿಲೆ ಬರದಾರ, ಹದಿನೈದು ದಿನದಾಗ ಬರ್ರಿ ಅಂತ. ಇದಕ್ಕ ಮೂರು ತಿಂಗಳಾತು. ಯಾಕ ಹೋಗಲಿಲ್ಲ?"

ಲಾಡ್ಲೆಸಾಬ ಮೂರು ಹಲ್ಲಿನ ಸೂಜಿಯನ್ನು ನೋಡುತ್ತ ಕೂತ. ನಜಮುನ್ನಿಸಾ ಅವನ ಕಡೆ ತಿರುಗಿದಳು.

ಸೋಲಾಪುರದಲ್ಲಿ ಡಾಕ್ಟರ್ ಎರಡೂ ಸಾಲನ್ನು ಮರಾಠಿಯಲ್ಲಿ ಬಿಡಿಸಿ ಹೇಳಿದ್ದ. ನಜಮುನ್ನಿಸಾಗೆ ಮರಾಠಿ ಬಾರದು. ಹೊರಗೆ ಬಂದು ಲಾಡ್ಲೆಸಾಬ ಅವಳಿಗೆ ಮೊದಲ ಸಾಲೊಂದನ್ನೇ ಹೇಳಿದ. ಪಿತ್ತದ ನಾಳಕ್ಕೆ ಅಲ್ಲಿ ಪ್ಲಾಸ್ಟಿಕ್ ನಳಿಗೆ ಇಟ್ಟ ಮೇಲೆ ಕಣ್ಣಿನ ಹಳದಿ ಇಳಿದಿತ್ತು, ಮೈಯ ತುರಿಕೆ ನಿಂತಿತ್ತು, ಎರಡು ರೊಟ್ಟಿ ಹೊಟ್ಟೆಗೆ ಹೋಗುತ್ತಿದ್ದವು. ಮುಂದಿನ ಗುರುವಾರ ಅವಳು ಹರಕೆಗೆ ಸಿಹಿ ಮಲೀದಾ ಮಾಡಿ ದರ್ಗಾಕ್ಕೆ ಒಯ್ದಳು, ಓಣಿಗೆಲ್ಲ ಹಂಚಿದಳು. ಅವನೂ ಕೂತು ತಿಂದ.

ಸುಳ್ಳು ಹೇಳಿದೆ ಎಂದು ಆಗ ಅವನಿಗೆ ಅನಿಸಲೇ ಇಲ್ಲ. ಅಂಗಡಿಯಲ್ಲಿ ಸಾವಕಾರ ರೈತನಿಂದ ಕೊಳ್ಳುವಾಗ ಲಾಡ್ಲೆಸಾಬನ ಪರಖಿ ಚೀಲದ ತಳಕ್ಕೆ ಹೋಗುತ್ತಿತ್ತು. ದಾರಿಯುದ್ದ ಕುಲುಕಿ ಮಣ್ಣು, ನುಚ್ಚು ಇಳಿದು ಕೂರುವುದು ಅಲ್ಲೇ. ಅದೇ ಚೀಲವನ್ನು ಬೇಳೆ ಮಿಲ್ಲಿನವರಿಗೆ ಮಾರುವಾಗ ಹೆಗಲಿಗೆ ಹೋಗುತ್ತಿತ್ತು. ಎರಡು ಸಲವೂ ಅಂಗೈಯಲ್ಲಿ ಇರುತ್ತಿದ್ದದ್ದು ಆ ಚೀಲದ ಕಾಳೇ. ಯಾರೂ ಸುಳ್ಳು ಎನ್ನುವಂತಿರಲಿಲ್ಲ. ಎಲ್ಲಿ ಚುಚ್ಚಬೇಕು ಎಂಬುದು ಅವನ ಕೈಗೆ ಗೊತ್ತಿತ್ತು, ಸಾವಕಾರನ ಕೆಮ್ಮಿಗೆ ಗೊತ್ತಿತ್ತು. ಇಂಥವನಿಗೆ ಸೋಲಾಪುರದ ಒಂದು ಹಿಡಿ ಎಂಥದ್ದೆಂದು ತಿಳಿಯದೆ ಏನು? ತಿಳಿದಿತ್ತು. ಮಾಲು ತನ್ನದಾಗಿತ್ತು, ಅದಕ್ಕೇ ಪಾಸು ಮಾಡಿದ.

ಡಾಕ್ಟರ್ ಹೊಸ ಸ್ಕ್ಯಾನನ್ನು ಬೆಳಕಿಗೆ ಹಿಡಿದರು. "ಆವಾಗ ಗಡ್ಡಿ ಪಕ್ಕದ ರಕ್ತನಾಳಕ್ಕ ಮುಟ್ಟಿದ್ದಿಲ್ಲ. ಈಗ ಮುಟ್ಟಿದಂಗ ಕಾಣ್ತದ. ಏನಂತ ಗೊತ್ತಾಗೋತನಕ ಔಷಧ ಶುರು ಮಾಡಂಗಿಲ್ಲ. ಆಪರೇಷನ್ ಮಾತು ಆಮೇಲಿಂದು."

"ಆವಾಗ ಬಂದಿದ್ರ ಆಗ್ತಿತ್ತೇನ್ರಿ ಆಪರೇಷನ್?" ನಜಮುನ್ನಿಸಾ ಕೇಳಿದಳು.

ಡಾಕ್ಟರ್ ಸೂಜಿಗಳನ್ನು ಡ್ರಾಯರಿಗೆ ಹಾಕಿದರು. "ನಾಳೆ ಮುಂಜಾನಿ ಏನೂ ತಿನ್ನಲಾರದ ಬರ್ರಿ," ಎಂದರು.

ಮರುದಿನ ಎಡ ಮಗ್ಗುಲಿಗೆ ಮಲಗಿಸಿ, ಗಂಟಲಿಗೆ ಕಹಿಯಾದ ಏನನ್ನೋ ಸಿಂಪಡಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಬಳೆ ಕಚ್ಚಿಸಿದರು. ಕೈಗೆ ಮದ್ದು ಹೋದ ಮೇಲೆ ಗೋಡೆ ದೂರ ಸರಿಯಿತು. ಎಲ್ಲೋ ದೂರದಲ್ಲಿ ಡಾಕ್ಟರ್ ಎಣಿಸುತ್ತಿದ್ದರು: ಏಳು, ಎಂಟು, ಒಂಬತ್ತು. ಹಮಾಲರು ಲಾರಿಗೆ ಚೀಲ ಏರಿಸುವಾಗ ಎಣಿಸಿದ ಹಾಗೆ. ಎಚ್ಚರವಾದಾಗ ಗಂಟಲು ಖಾರ ಹಚ್ಚಿದಂತೆ ಉರಿಯುತ್ತಿತ್ತು.

"ಏನು ಬಂತ್ರಿ? ತೋರಸ್ರಿ," ಎಂದ.

ಹಾಗೆ ಯಾರಿಗೂ ತೋರಿಸುವುದಿಲ್ಲ ಎಂದಳು ನರ್ಸು. ಡಾಕ್ಟರ್ ತೋರಿಸು ಎಂದು ಕಣ್ಣಲ್ಲೇ ಹೇಳಿದರು. ಬೆರಳುದ್ದದ ಬಾಟಲಿಯ ನೀರಿನಲ್ಲಿ ನಾಲ್ಕೈದು ಎಳೆ ತೇಲುತ್ತಿದ್ದವು. ಒಂದಿಷ್ಟು ಕೆಂಪು, ಬಹಳಷ್ಟು ಬಿಳಿ. ಲಾಡ್ಲೆಸಾಬ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಾಳು ನೋಡುವಾಗಿನಂತೆ ಒಂದು ಕಣ್ಣು ಸಣ್ಣದು ಮಾಡಿ ನೋಡಿದ. ಮೂವತ್ತೊಂದು ವರ್ಷದಲ್ಲಿ ಅಂಗೈಗೆ ಬಂದ ಮಾಲು ಎಂಥದ್ದೆಂದು ಅವನಿಗೆ ತಿಳಿಯದ್ದು ಇದೇ ಮೊದಲು.

"ಚಲೋ ಬಂದಾವ?"

"ಮಾಲು ಸಾಕಷ್ಟು ಬಂದದ," ಎಂದರು ಡಾಕ್ಟರ್. "ಏಳೆಂಟು ದಿನದಾಗ ಫೋನ್ ಮಾಡ್ತೇನಿ."

ಆಳಂದದ ಬಸ್ಸಿನಲ್ಲಿ ನಜಮುನ್ನಿಸಾ ಕಿಟಕಿಯ ಕಡೆ ಕೂತಳು. ಎರಡೂ ಬದಿ ಕೊಯ್ದ ತೊಗರಿಯ ಕೂಳೆ. ಅರ್ಧ ದಾರಿ ಕಳೆದ ಮೇಲೆ, ಹೊರಗೆ ನೋಡುತ್ತಲೇ, "ಮಲೀದಾ ಬನಾಯಿ ಮೈ. ತುಮೇ ಬೀ ಖಾಯೆ," ಎಂದಳು. ಮಲೀದಾ ಮಾಡಿದ್ದೆ, ನೀವೂ ತಿಂದಿರಿ ಎಂದಷ್ಟೇ ಮಾತು. ಅವಳು ಜೋರು ಮಾಡಿದ್ದರೆ ಅವನಿಗೆ ಸುಲಭವಿತ್ತು.

"ಹೆದರ್ತೀ ಅಂತ ಹೇಳಲಿಲ್ಲ ಬೇ."

"ನಾ ಅಲ್ಲ, ನೀವು ಹೆದರಿದ್ರಿ." ಅವಳು ಕೈ ಚಾಚಿದಳು. "ನದೀಮನ ಅಬ್ಬಾ, ಫೋನ್ ಕೊಡ್ರಿ. ಈ ಸಲ ಡಾಕ್ಟರ್ ನನಗ ಹೇಳ್ತಾರ. ಎಷ್ಟು ಸಾಲು ಅದಾವೋ ಅಷ್ಟೂ ನಾ ಕೇಳ್ಕೋತೇನಿ."

ಅವನು ಅಂಗಿಯ ಕಿಸೆಯಿಂದ ಫೋನು ತೆಗೆದು ಕೊಟ್ಟ. ಅವಳು ಅದನ್ನು ಲಕೋಟೆಯ ಚೀಲದ ತಳಕ್ಕೆ ಹಾಕಿ ಜಿಪ್ಪು ಎಳೆದಳು.

ಆರು ದಿನ ಅವನು ಅಂಗಡಿಗೆ ಹೋಗಿ ಬಂದ. ಸುಗ್ಗಿಯ ದಿನಗಳು, ಮಾದನಹಿಪ್ಪರಗಾ, ಕಿಣ್ಣಿ ಸುಲ್ತಾನ ಕಡೆಯಿಂದ ಬಂದ ಟ್ರ್ಯಾಕ್ಟರುಗಳು ಬಜಾರಿನ ಗೇಟಿನಿಂದ ರಸ್ತೆಯ ತನಕ ನಿಂತಿದ್ದವು. ಕೈ ತನ್ನ ಕೆಲಸ ಮಾಡುತ್ತಿತ್ತು. ಮೈ ಮತ್ತೆ ತುರಿಸುತ್ತಿತ್ತು, ಅಂಗಿಯೊಳಗೆ ಕೈ ಹಾಕಿ ಕೆರೆದರೆ ಉಗುರಿಗೆ ರಕ್ತ ಬರುತ್ತಿತ್ತು. ಕಿಸೆಯ ಹತ್ತಿರ ಕೈ ಹೋದಾಗೆಲ್ಲ ಅಲ್ಲಿ ಫೋನಿರಲಿಲ್ಲ. ಮನೆಗೆ ಹೋದಾಗ ಮೊದಲು ಅವಳ ಮುಖ ನೋಡುತ್ತಿದ್ದ. "ಇನ್ನೂ ಬಂದಿಲ್ಲ," ಎನ್ನುತ್ತಿದ್ದಳು ಅವಳು, ಅವನು ಕೇಳುವ ಮೊದಲೇ.

ಏಳನೆಯ ದಿನ ಮಧ್ಯಾಹ್ನ ಕಲಬುರಗಿಯ ಮಿಲ್ಲಿನ ಪರವಾಗಿ ಮಾಲು ನೋಡಲು ಮುಕ್ರಮ ಬಂದ. ಗೋದಾಮಿನಲ್ಲಿ ಅರವತ್ತು ಚೀಲ ತಯಾರಿತ್ತು. ಖಾಲಿ ಚೀಲದ ನಡುವೆ ತಗಡಿನ ಕೊಳವೆ ನಿಲ್ಲಿಸಿ, ಒಳಗೆ ಹೋದ ವರ್ಷದ ಹುಳ ತಿಂದ ತೊಗರಿ, ಸುತ್ತ ಈ ವರ್ಷದ್ದು ತುಂಬಿ, ಆಮೇಲೆ ಕೊಳವೆ ಎಳೆದುಕೊಂಡ ಚೀಲಗಳವು. ತುಂಬಿಸಿದವನು ಲಾಡ್ಲೆಸಾಬನೇ.

"ಚಾಚಾ, ಮತ್ತ ಹಳದಿ ಆಗೀರಲ್ಲ," ಎಂದ ಮುಕ್ರಮ. "ಅರಿಶಿಣದ ಯಾಪಾರಕ್ಕ ಇಳದೀರೇನು?"

ಗಾದಿಯ ಮೇಲಿಂದ ಬಸವಂತರಾಯ ನಕ್ಕ. "ಅವನ ಹೊಟ್ಟ್ಯಾಗ ಡಾಕ್ಟರು ಎರಡೆರಡು ಸಲ ಪರಖಿ ಹಾಕ್ಯಾರಪ್ಪ. ಮೊದಲನೇದು ಪಾಸ್ ಆಗ್ಯದ. ಎರಡನೇದೂ ಆಗ್ತದ. ನಮ್ಮ ಅಂಗಡಿ ಮಾಲು ಯಾವಾಗ ಫೇಲ್ ಆಗ್ಯದ, ಹೇಳು?"

"ಸಾವಕಾರ್ರ ಬಾಯಿ ಹರಕಿ ಇರ್ಲಿ."

"ಏ ಲಾಡ್ಲೆ, ತೋರಸು ಅವಗ. ನಿಂದು ಕೈಯಲ್ಲ, ತಕ್ಕಡಿ." ಬಸವಂತರಾಯ ಸಣ್ಣಗೆ ಒಮ್ಮೆ ಕೆಮ್ಮಿದ. ಹೆಗಲಿಗೆ ಎಂದರ್ಥ.

ಲಾಡ್ಲೆಸಾಬ ಮುಂದಿನ ಸಾಲಿನ ಒಂದು ಚೀಲದ ಹತ್ತಿರ ಹೋಗಿ ಪರಖಿಯ ಚೂಪನ್ನು ಅದರ ಹೆಗಲಿಗೆ ಇಟ್ಟ. ಒತ್ತುವ ಮೊದಲು ಯಾಕೋ ತಲೆಯೆತ್ತಿದ.

ತೂಕದ ಕಾಟಾದ ಆಚೆ ನಜಮುನ್ನಿಸಾ ನಿಂತಿದ್ದಳು. ಈ ಮೂವತ್ತೊಂದು ವರ್ಷದಲ್ಲಿ ಅವಳು ಒಮ್ಮೆಯೂ ಬಜಾರಿನೊಳಗೆ ಬಂದವಳಲ್ಲ. ಅವನು ಬುತ್ತಿ ಮರೆತು ಬಂದಾಗಲೂ ಗೇಟಿನಲ್ಲಿ ಯಾರದೋ ಕೈಗೆ ಕೊಟ್ಟು ಹೋಗುತ್ತಿದ್ದಳು. ಬುರ್ಖಾದ ಅಂಚಿಗೆ ಹೊಟ್ಟು ಮೆತ್ತಿತ್ತು. ಫೋನನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದಳು. ಹಮಾಲರು ಚೀಲ ಹೊತ್ತು ಅವಳ ಎರಡೂ ಮಗ್ಗುಲಿಗೆ ಹಾದುಹೋಗುತ್ತಿದ್ದರು. ಅವಳು ಅಲ್ಲಿಂದ ಮುಂದೆ ಬರಲಿಲ್ಲ.

ಲಾಡ್ಲೆಸಾಬ ಅವಳನ್ನೇ ನೋಡಿದ. ಅವನ ಕೈ ಚೀಲದ ಹೆಗಲಿನಿಂದ ಕೆಳಗಿಳಿಯಿತು. ನಡುಪಕ್ಕೆಗೆ ಬಂದು ನಿಂತಿತು. ಅವನು ಪರಖಿಯನ್ನು ಹಿಡಿಕೆಯ ತನಕ ಒತ್ತಿದ.

ಬಸವಂತರಾಯ ಕೆಮ್ಮಿದ. ಇನ್ನೊಮ್ಮೆ, ಜೋರಾಗಿ, ಕೆಮ್ಮಿದ.

ಪರಖಿಯನ್ನು ಒಳಗೇ ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ ಓರೆ ಮಾಡಿ, ತಿರುವಿ, ಮೆಲ್ಲಗೆ ಹೊರಗೆಳೆದ. ಅಂಗೈಗೆ ಬಂದದ್ದು ತೂತುಬಿದ್ದ ಕಾಳು, ಬೂದಿಯಂಥ ಪುಡಿ. ಪುಡಿಯಲ್ಲಿ ಒಂದು ಹುಳ ಬೆಳಕಿಗೆ ಗಾಬರಿಯಾಗಿ ಬೆರಳ ಸಂದಿಗೆ ಸರಿಯಿತು. ಅವನು ಕೈಯನ್ನು ಹಾಗೇ ಮುಕ್ರಮನ ಮುಂದೆ ಚಾಚಿದ. ಅದರ ಕಡೆ ನೋಡಲಿಲ್ಲ.

"ಇದೇನು ಚಾಚಾ?" ಎಂದ ಮುಕ್ರಮ.

"ಲೇ, ತಲಿ ಕೆಟ್ಟದೇನು ನಿಂದು?" ಬಸವಂತರಾಯ ಗಾದಿಯಿಂದ ಎದ್ದ.

ನಜಮುನ್ನಿಸಾ ಕಾಟಾದ ಆಚೆ ಒಂದು ಚೀಲದ ಮೇಲೆ ಕೂತುಕೊಂಡಳು. ಫೋನು ಮಾತ್ರ ಹಾಗೇ ಎದೆಯ ಹತ್ತಿರವಿತ್ತು. ಲಾಡ್ಲೆಸಾಬ ಪರಖಿಯನ್ನು ನೆಲಕ್ಕಿಟ್ಟು ಅವಳ ಕಡೆ ನಡೆದ. ಗೋಣಿಯ ಎಳೆ ಕೆರೆದು ತೂತು ಮುಚ್ಚುವುದನ್ನು ಮರೆತಿದ್ದ. ಅವನ ಹಿಂದೆ ಚೀಲದ ಪಕ್ಕೆಯಿಂದ ತೊಗರಿ ಸುರಿಯತೊಡಗಿತು, ಮೊದಲು ಒಂದೊಂದು ಕಾಳು, ಆಮೇಲೆ ದಾರದಂತೆ.