ಎರಡನೆಯ ಡಿಕಾಕ್ಷನ್

ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಒಂದು ಗುಟುಕು ಕಾಫಿ ಕೊಡಿ. ಬೀಜ ಯಾವ ತೋಟದ್ದು ಎಂದು ಹೇಳುವುದು ದೊಡ್ಡದಲ್ಲ. ಗಿಡದ ಯಾವ ದಿಕ್ಕಿನ ರೆಂಬೆಯಲ್ಲಿತ್ತು, ಕಿತ್ತವಳು ಎಡಗೈಯವಳೋ ಬಲಗೈಯವಳೋ, ಅವತ್ತು ಅವಳಿಗೆ ನೆಗಡಿಯಿತ್ತೋ ಇಲ್ಲವೋ ಎಂಬುದನ್ನೂ ಹೇಳಿಬಿಡುತ್ತೇನೆ. ನಂಜನಗೂಡಿನ ಬಜಾರಿನಲ್ಲಿ ಅಮೃತೇಶನ ಕಾಫಿಪುಡಿ ಅಂಗಡಿ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ತೋರಿಸದಿದ್ದರೂ ಚಿಂತೆಯಿಲ್ಲ, ನಾನು ಬೀಜ ಹುರಿಯುವ ದಿನ ಕಪಿಲೆಯ ಆಚೆ ದಡದ ಎಮ್ಮೆಗಳು ಮೇಯುವುದು ಬಿಟ್ಟು ನಮ್ಮ ಅಂಗಡಿಯ ಕಡೆಗೇ ಮುಖ ಮಾಡಿ ನಿಂತಿರುತ್ತವೆ.

ಇಂಥ ನಾಲಿಗೆಯವನ ಹೆಂಡತಿ ರುದ್ರಾಣಿ, ತಿ. ನರಸೀಪುರದಲ್ಲಿರುವ ತಂಗಿ ಚೈತ್ರಳ ಮನೆಗೆ ನಾಲ್ಕು ದಿನಕ್ಕೆಂದು ಹೋದವಳು ಐದು ತಿಂಗಳಾದರೂ ಬಂದಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಮ್ಮಿಬ್ಬರಿಗೆ ಜಗಳವೇ ಆಗಿಲ್ಲ. ಆಗಬೇಕಾದರೆ ಅವಳೂ ಮಾತಾಡಬೇಕಿತ್ತು. ಫೋನು ಮಾಡಿ ಯಾವಾಗ ಬರ್ತೀಯ ಎಂದು ಕೇಳಿದರೆ ನೋಡೋಣ ಅನ್ನುತ್ತಿದ್ದಳು.

ಅಲ್ಲಿ ಅವಳು ಏನು ಮಾಡುತ್ತಿದ್ದಾಳೆಂದು ನನಗೆ ತಿಳಿಸಿದವನು ಹೆಡತಲೆ ಗ್ರಾಮದ ನಿಂಗರಾಜು. ಡೇರಿಯಲ್ಲಿ ಹಾಲು ಅಳೆಯುವವನು, ತಿಂಗಳಿಗೆ ಅರ್ಧ ಕೆಜಿ ಪುಡಿಯ ಖಾಯಂ ಗಿರಾಕಿ. ಮಗಳನ್ನು ನರಸೀಪುರಕ್ಕೇ ಕೊಟ್ಟಿದ್ದಾನೆ. ಅಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ಚೈತ್ರಳದೊಂದು ಸಣ್ಣ ಕಾಫಿ ಅಂಗಡಿ ಇದೆ. ಸೋಮನಾಥಪುರ ನೋಡಿಕೊಂಡು ಬರುವವರು ಅಲ್ಲಿ ಕಾರು ನಿಲ್ಲಿಸಿ ಕುಡಿಯುತ್ತಾರಂತೆ. ಮಾಡಿಕೊಡುವವಳು ರುದ್ರಾಣಿ. ಅದೂ ಫಿಲ್ಟರಿನಲ್ಲಲ್ಲ, ಒಲೆಯ ಮೇಲೆ ಇಡುವ ಮೋಕಾ ಪಾಟ್ ಎಂಬ ಅಲ್ಯೂಮಿನಿಯಂ ಪಾತ್ರೆಯಲ್ಲಿ. ಅಂಥ ಕಾಫಿ ನಿಮ್ಮ ಪುಡಿಯಲ್ಲೂ ಕುಡಿದಿಲ್ಲ ಎಂದು ನನ್ನ ಅಂಗಡಿಯಲ್ಲೇ ನಿಂತು ಹೇಳಿಹೋದ.

ಆಗ ನನಗೆ ದಾರಿ ಕಂಡಿತು. ಅವಳಿಗೆ ಹಿಡಿಸಿದ್ದು ಆ ಪಾತ್ರೆ ತಾನೇ? ಅಂಥದ್ದೊಂದನ್ನು ನಾನೂ ತರಿಸಿ, ಕಲಿತು, ಅವಳ ಕಣ್ಣೆದುರೇ ಕಾಫಿ ಮಾಡಿಕೊಟ್ಟರೆ ಮನೆಗೆ ಬರದೆ ಏನು ಮಾಡುತ್ತಾಳೆ?

ಪಾತ್ರೆ ಬಂತು. ಕೆಳಗಿನ ಭಾಗಕ್ಕೆ ನೀರು, ನಡುವಿನ ಜರಡಿ ಬಟ್ಟಲಿಗೆ ಪುಡಿ. ಉರಿ ಹಚ್ಚಿದರೆ ನೀರು ಪುಡಿಯನ್ನು ತೂರಿಕೊಂಡು ಮೇಲಕ್ಕೆ ಹತ್ತಿ ಕಾಫಿಯಾಗಿ ನಿಲ್ಲುತ್ತದೆ. ಮೊದಲ ದಿನ ನಮ್ಮ ಚಿಕೋರಿ ಬೆರೆತ ಪುಡಿಯನ್ನೇ ಹಾಕಿ, ಫಿಲ್ಟರಿಗೆ ಒತ್ತುವಂತೆ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿದೆ. ಚಿಕೋರಿ ಉಬ್ಬಿ ದಾರಿ ಕಟ್ಟಿತು. ಪಕ್ಕದ ಸಣ್ಣ ಕಿಂಡಿಯಿಂದ ಹಬೆ ಚಿಮ್ಮಿದ ರಭಸಕ್ಕೆ ಹದಿನಾರು ಗ್ರಾಮದವರು ಬಂಡೆ ಸಿಡಿಸುತ್ತಿದ್ದಾರೆಂದು ಊರೆಲ್ಲ ಬೀದಿಗೆ ಬಂತು. ಅಡುಗೆಮನೆಯ ಗೋಡೆ ಇವತ್ತಿಗೂ ಕಂದು. ಆಮೇಲೆ ಚಿಕೋರಿ ಬಿಟ್ಟೆ, ಒತ್ತುವುದು ಬಿಟ್ಟೆ, ಉರಿ ಸಣ್ಣ ಮಾಡಿದೆ. ಗೊರಗೊರ ಸದ್ದು ಬರುವ ಮೊದಲೇ ಇಳಿಸಬೇಕು, ತಡವಾದರೆ ಕಹಿ ಎಂಬುದು ಒಂಬತ್ತನೆಯ ದಿನ ತಿಳಿಯಿತು. ಹನ್ನೊಂದನೆಯ ದಿನದ ಕಾಫಿಯನ್ನು ನಾನೇ ಕುಡಿದು ನನ್ನನ್ನೇ ಎದ್ದು ನಿಂತು ಗೌರವಿಸಿದೆ.

ಭಾನುವಾರ ಪಾತ್ರೆ ಕಟ್ಟಿಕೊಂಡು ನರಸೀಪುರದ ಬಸ್ಸು ಹತ್ತಿದೆ. ಅಲ್ಲಿ ಆದದ್ದನ್ನು ಎಂಟು ದಿನ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ. ರುದ್ರಾಣಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಈ ಕೈ ಇಷ್ಟು ವರ್ಷ ಎಲ್ಲಿತ್ತು ಎಂದು ಕೇಳಿದಳು. ನಾಳೆ ಬಿಟ್ಟು ಮುಂದಿನ ಸೋಮವಾರ ಬರುತ್ತೇನೆ, ಪಾತ್ರೆ ಇಲ್ಲೇ ಇರಲಿ, ಬರುವಾಗ ನಾನೇ ತರುತ್ತೇನೆ ಎಂದಳು.

ಆ ಸೋಮವಾರ ಬೆಳಿಗ್ಗೆ ಅದನ್ನೇ ಇನ್ನೊಮ್ಮೆ, ಸ್ವಲ್ಪ ಹೆಚ್ಚು ಕಣ್ಣೀರು ಸೇರಿಸಿ, ಪಕ್ಕದ ಬಾಳೆಮಂಡಿಯ ಚಿಕ್ಕಮಾದುಗೆ ಹೇಳುತ್ತಿದ್ದೆ. ನಿಂಗರಾಜು ಬಂದು ಕೈಚೀಲವೊಂದನ್ನು ಗಲ್ಲಾದ ಮೇಲೆ ಇಟ್ಟ.

"ಮಗಳ ಮನೆಗೆ ಓಗಿದ್ದೆ ಸಾ. ಅಕ್ಕೋರು ಇದ ಕೊಟ್ರು. ನಾನು ಬರಾಕಿಲ್ಲ, ಅವ್ರ ಪಾತ್ರೆ ಅವ್ರಿಗೆ ತಲುಪಿಸ್ಬುಡಿ ಅಂದ್ರು."

ಮುಂಚಿತವಾಗಿ ಸಾಮಾನು ಕಳಿಸಿರಬೇಕು ಎಂದೆ. ಚಿಕ್ಕಮಾದು ಪಾತ್ರೆ ತೆಗೆದು ತಿರುಚಿ ಬಿಚ್ಚಿದ. ಬಟ್ಟಲಿನಲ್ಲಿ ಪುಡಿ ಹಾಗೇ ಇತ್ತು, ಮೇಲೆ ಬೂಷ್ಟು.

"ಬೇಕಂತ್ಲೇ ತೊಳ್ದಿಲ್ವಂತೆ," ಎಂದ ನಿಂಗರಾಜು, ನನ್ನ ಮುಖ ನೋಡದೆ. "ಅವ್ರೇ ತೊಳ್ಕೊಳ್ಲಿ ಅಂದವ್ರೆ."

"ಅಲ್ಲಾ ಸಾ, ಕಣ್ಣೊರೆಸ್ಕೊಂಡ್ರು ಅಂದ್ರಲ್ಲಾ," ಎಂದ ಚಿಕ್ಕಮಾದು.

ಸುಳ್ಳು. ಕಣ್ಣೀರೂ ಸುಳ್ಳು, ಸೋಮವಾರವೂ ಸುಳ್ಳು. ಆದದ್ದು ಇದು.

ನಮ್ಮ ಮನೆಯಲ್ಲಿ ಒಂದು ರೂಢಿ. ಫಿಲ್ಟರಿನಿಂದ ಮೊದಲು ಇಳಿಯುವ ಗಟ್ಟಿ ಡಿಕಾಕ್ಷನ್ ಗಂಡಸರಿಗೆ, ಬಂದವರಿಗೆ. ಅದೇ ಪುಡಿಗೆ ಇನ್ನೊಮ್ಮೆ ಬಿಸಿನೀರು ಹುಯ್ದು ಇಳಿಸುವ ಎರಡನೆಯದು ಹೆಂಗಸರಿಗೆ. ನಮ್ಮ ಅವ್ವನೂ ಅದನ್ನೇ ಕುಡಿದಳು, ರುದ್ರಾಣಿಯೂ ಅದನ್ನೇ. ಹೀಗೇ ಮಾಡಬೇಕೆಂದು ಯಾರೂ ಹೇಳಿರಲಿಲ್ಲ; ಬೇಡವೆಂದೂ ಯಾರೂ ಹೇಳಿರಲಿಲ್ಲ.

ಅವತ್ತು ಚೈತ್ರಳ ಮನೆಯಲ್ಲಿ ಕಾಫಿ ಚೆನ್ನಾಗಿಯೇ ಬಂದಿತ್ತು. ನನಗೊಂದು ಲೋಟ, ಚೈತ್ರಳ ಗಂಡನಿಗೊಂದು ಲೋಟ ಹುಯ್ದೆ. ಆಮೇಲೆ ಕೈ ತಾನಾಗಿ ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದು ತಣಿಸಿತು, ಬಿಚ್ಚಿತು, ಕೆಳಗೆ ಹೊಸ ನೀರು ತುಂಬಿತು. ಪುಡಿ ಅದೇ. ಮತ್ತೆ ಒಲೆಗೆ ಇಟ್ಟೆ.

ಭಾವ, ಪುಡಿ ಬದಲಾಯಿಸಲಿಲ್ಲ ಎಂದು ಚೈತ್ರ ನೆನಪಿಸಿದಳು. ಇದು ನಿಮ್ಮಿಬ್ಬರಿಗೆ ಕಣಮ್ಮ ಎಂದೆ ನಾನು, ನಗುತ್ತಲೇ.

ಬಾಗಿಲಲ್ಲಿ ನಿಂತಿದ್ದ ರುದ್ರಾಣಿ ಬಂದು ಒಲೆ ಆರಿಸಿದಳು. ಮೇಲೆ ಬಂದಿದ್ದ ತೆಳು ನೀರನ್ನು ಲೋಟಕ್ಕೆ ಹುಯ್ದು, ಹಾಲು ಸಕ್ಕರೆ ಹಾಕಿ, ನನ್ನ ಮುಂದಕ್ಕೆ ತಳ್ಳಿದಳು.

"ನೀವೇ ಕುಡೀರಿ."

ಕುಡಿದೆ. ಸುಟ್ಟ ಮಸಿಬಟ್ಟೆಯನ್ನು ನೆನೆಹಾಕಿದ ನೀರು. ಉಗುಳೋಣವೆಂದರೆ ಎಲ್ಲರೂ ನೋಡುತ್ತಿದ್ದರು, ನುಂಗಿದೆ.

"ದಿನಾ ಇಂಥದ್ದೇ ಕಣ್ರೀ ನಾನು ಕುಡಿದಿದ್ದು," ಎಂದಳು. "ಯಾವ ತೋಟದ್ದು, ಹೇಳಿ ನೋಡೋಣ."

ಪಾತ್ರೆಯನ್ನು ಬಿಟ್ಟೇ ಎದ್ದು ಬಂದೆ.

ಇಷ್ಟನ್ನೂ ಅವರಿಬ್ಬರಿಗೆ ಹೇಳಿ ಮುಗಿಸುವಷ್ಟರಲ್ಲಿ ಚಿಕ್ಕಮಾದು ಮಂಡಿಗೆ ಹೋಗಿದ್ದ. ನಿಂಗರಾಜು ಅರ್ಧ ಕೆಜಿ ಕಟ್ಟಿಸಿಕೊಂಡು ಹೊರಟ. ನಾನು ಬೂಷ್ಟು ಕೆರೆದು ಪಾತ್ರೆ ತೊಳೆದೆ.

ಅಂದಿನಿಂದ ದಿನವೂ ನಾನು ಎರಡನೆಯದನ್ನೇ ಮಾಡಿಕೊಂಡು ಕುಡಿಯುತ್ತಿದ್ದೇನೆ ಎಂದು ಬರೆಯಬೇಕೆಂದಿದ್ದೆ. ಬರೆದರೆ ಅದೂ ಸುಳ್ಳೇ. ಒಂದು ದಿನ ಕುಡಿದೆ. ಮರುದಿನ ಆಗಲಿಲ್ಲ.